ಅಥ್ಲೋನಿನಲ್ಲಿ ಸಂಸಾರ ಹೂಡಿದ ಮೊದಲ ವರ್ಷ

ಕರ್ನಾಟಕದಿಂದ ಐರ್ಲೆಂಡಿಗೆ ನರ್ಸುಗಳು, ಸಾಫ್ಟ್‌ವೇರ್‌ನವರು ಹೋಗುವ ದಾರಿ ಈಗ ಸವೆದ ದಾರಿ. ಏನೇ ಅನುಮಾನ ಬಂದರೂ ಕೇಳಲು ನಾಲ್ಕು ಜನ ಸಿಗುತ್ತಾರೆ. ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಸೇವೆಗೆಂದು ಮಕ್ಕಳನ್ನು ಕಟ್ಟಿಕೊಂಡು ಹೊರಟವರಿಗೆ ಆ ಅನುಕೂಲವಿಲ್ಲ. ನಮ್ಮ ವೀಸಾ ಬೇರೆ, ಪಾಸ್‌ಪೋರ್ಟಿನ ಮೇಲೆ ಬೀಳುವ ಮುದ್ರೆ ಬೇರೆ, ಷರತ್ತುಗಳೂ ಬೇರೆ. ಪ್ರಾಟೆಸ್ಟಂಟ್ ಪಾಸ್ಟರ್ ಆದ ನಮ್ಮವರು, ನಾನು, ಐದು ವರ್ಷದ ಮಗಳು, ಹದಿನಾಲ್ಕು ತಿಂಗಳ ಮಗ ಶಾನನ್ ನದಿಯ ದಂಡೆಯ ಅಥ್ಲೋನಿಗೆ ಬಂದು ವರ್ಷ ತುಂಬಿತು; ಮೊನ್ನೆ ಪರ್ಮಿಟ್ಟಿನ ನವೀಕರಣವೂ ಮುಗಿಯಿತು. ದುಡ್ಡು ಹೋದದ್ದಕ್ಕಿಂತ ನಮಗೆ ಹೆಚ್ಚು ನೋವು ಕೊಟ್ಟದ್ದು ಸುಮ್ಮನೆ ಕಳೆದುಹೋದ ವಾರಗಳು. ಯಾವ ಕಾಗದ ಮೊದಲು, ಯಾವುದು ಆಮೇಲೆ ಎಂದು ಹೇಳುವವರಿರಲಿಲ್ಲ. ಹಿಂದೆ ಬರುವವರಿಗಾಗಿ ಆ ಕ್ರಮವನ್ನು ಬರೆದಿಡುತ್ತಿದ್ದೇನೆ.

ಕೆಲಸ ಶುರುವಾಗುವುದು ಕರೆಯುವ ಸಭೆಯ ಪತ್ರದಿಂದ. ಪತ್ರದ ತಲೆಯಲ್ಲೇ ಆ ಸಭೆಯ ಚಾರಿಟಿ ನೋಂದಣಿ ಸಂಖ್ಯೆ ಇರಲಿ. ಒಳಗೆ ಯಾವ ಹುದ್ದೆ, ಎಷ್ಟು ಕಾಲಕ್ಕೆ, ತಿಂಗಳಿಗೆ ಎಷ್ಟು ಯೂರೋ ಕೊಡುತ್ತಾರೆ, ವಾಸದ ಮನೆ ಯಾರದು, ಕುಟುಂಬದ ಭಾರ ಸರ್ಕಾರದ ಮೇಲೆ ಬೀಳುವುದಿಲ್ಲ ಎಂಬ ಹೊಣೆ ಯಾರದು, ಇಷ್ಟೂ ಬಿಡಿಸಿ ಬರೆದಿರಬೇಕು. ನಮಗೆ ಬಂದ ಮೊದಲ ಪತ್ರದಲ್ಲಿ ಸಂತೋಷದಿಂದ ಎದುರುನೋಡುತ್ತಿದ್ದೇವೆ ಎಂದಿತ್ತು; ಮೊತ್ತ ಇರಲಿಲ್ಲ. ಸಭೆಯ ಹಿರಿಯರ ಕೂಟ ಸೇರುವುದು ತಿಂಗಳಿಗೊಮ್ಮೆ. ತಿದ್ದಿದ ಪತ್ರ ಕೈಗೆ ಬರಲು ಮೂರು ವಾರ ಹಿಡಿಯಿತು.

ನಾವು ಹಾಕಬೇಕಾದದ್ದು ದೀರ್ಘಾವಧಿಯ 'ಡಿ' ವೀಸಾ. ಅರ್ಜಿಯನ್ನು ಐರ್ಲೆಂಡ್ ಸರ್ಕಾರದ ಅವಾಟ್ಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ತುಂಬಿ, ಕೊನೆಗೆ ಬರುವ ಸಾರಾಂಶದ ಹಾಳೆಯನ್ನು ಪ್ರಿಂಟ್ ತೆಗೆದು ಸಹಿ ಹಾಕಿ, ದಾಖಲೆಗಳ ಸಮೇತ ವೀಸಾ ಅರ್ಜಿ ತೆಗೆದುಕೊಳ್ಳುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರಕ್ಕೆ ಕೊಡಬೇಕು. ತೀರ್ಮಾನ ಆಗುವುದು ದೆಹಲಿಯ ರಾಯಭಾರ ಕಚೇರಿಯಲ್ಲಿ. ಒಬ್ಬೊಬ್ಬರಿಗೂ ಬೇರೆ ಅರ್ಜಿ, ಕೂಸಿಗೂ ಸಹ. ಒಂದು ಸಲದ ಪ್ರವೇಶಕ್ಕೆ ತಲೆಗೆ 60 ಯೂರೋ, ಹಲವು ಸಲದ ಪ್ರವೇಶಕ್ಕೆ 100. ಕೇಂದ್ರದ ಸೇವಾ ಶುಲ್ಕ ಅದರ ಮೇಲೆ. ಗುರುದೀಕ್ಷೆಯ ಪ್ರಮಾಣಪತ್ರ, ಇಲ್ಲಿಯವರೆಗೆ ಸೇವೆ ಮಾಡಿದ ಸಭೆಗಳ ಪತ್ರ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಮದುವೆ ಮತ್ತು ಜನನ ಪತ್ರಗಳು, ಖಾಸಗಿ ಆರೋಗ್ಯ ವಿಮೆ ಇವು ಮುಖ್ಯ.

ಜನನ ಪತ್ರವನ್ನು ಇವತ್ತೇ ತೆಗೆದು ನೋಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಡಲೇ ಮಾಡಿಸಿದ ಪತ್ರದಲ್ಲಿ ಎಷ್ಟೋ ಸಲ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ. ನಮ್ಮ ಮಗನದ್ದು ಹಾಗೇ ಇತ್ತು. ಚರ್ಚಿನ ರಿಜಿಸ್ಟರಿನಿಂದ ಕೊಟ್ಟ ಮದುವೆ ಪತ್ರ ಒಂದೇ ಸಾಲದು. ಸರ್ಕಾರಿ ನೋಂದಣಿಯದ್ದೂ ಇರಲಿ. ಕನ್ನಡದಲ್ಲಷ್ಟೇ ಇರುವ ಹಳೆಯ ಕಾಗದಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಿ. ಬರುವ ಮೊದಲೇ ಮದುವೆ ಮತ್ತು ಜನನ ಪತ್ರಗಳಿಗೆ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ಹೊರದೇಶದಲ್ಲೂ ನಡೆಯುವಂತೆ ವಿದೇಶಾಂಗ ಸಚಿವಾಲಯ ಹಾಕಿಕೊಡುವ ಅಪೊಸ್ಟಿಲ್ ಮುದ್ರೆ ಮಾಡಿಸಿಡಿ. ಇಲ್ಲಿಂದ ಅದನ್ನು ಮಾಡಿಸುವುದು ದೊಡ್ಡ ಪಾಡು. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 500 ರೂಪಾಯಿಗೆ ಸಿಗುವ ಪೊಲೀಸ್ ಕ್ಲಿಯರೆನ್ಸ್ ಪತ್ರವನ್ನೂ ಇಬ್ಬರ ಹೆಸರಲ್ಲಿ ತನ್ನಿ. ಅದು ಏಕೆ ಬೇಕೆಂದು ಮುಂದೆ ಹೇಳುತ್ತೇನೆ. ನಮ್ಮ ವೀಸಾಕ್ಕೆ ಹನ್ನೊಂದು ವಾರ ಹಿಡಿಯಿತು. ವೀಸಾ ಅಂಟಿದ ಪಾಸ್‌ಪೋರ್ಟ್ ಕೈಗೆ ಬರುವ ತನಕ ಟಿಕೆಟ್ಟಿಗೆ ದುಡ್ಡು ಕಟ್ಟಬೇಡಿ.

ಸೂಟ್‌ಕೇಸಿನ ಮಾತು ಒಂದಿಷ್ಟು. ಐರೋಪ್ಯ ಒಕ್ಕೂಟದ ನಿಯಮದಂತೆ ಹೊರದೇಶದಿಂದ ಮಾಂಸ, ಹಾಲಿನ ಪದಾರ್ಥ ತರುವಂತಿಲ್ಲ. ಅಂದರೆ ತುಪ್ಪ, ಪೇಡಾ ಎಲ್ಲವೂ ಹೊರಗೆ. ಹಸಿ ಗಿಡಸೊಪ್ಪಿಗೆ ಸಸ್ಯ ಆರೋಗ್ಯ ಪತ್ರ ಬೇಕಾದ್ದರಿಂದ ಹಿತ್ತಲ ಕರಿಬೇವೂ ಬರುವುದಿಲ್ಲ. ಪತ್ರವಿಲ್ಲದೆ ಬಿಡುವ ಹಣ್ಣುಗಳು ಐದೇ: ಬಾಳೆ, ತೆಂಗು, ಅನಾನಸ್, ಖರ್ಜೂರ, ದುರಿಯನ್. ಬೇಳೆ, ಸಾರಿನ ಪುಡಿ, ರಾಗಿ ಹಿಟ್ಟಿಗೆ ನಮಗೆ ತಕರಾರು ಬರಲಿಲ್ಲ. ಮಿಕ್ಸಿ ತನ್ನಿ, ಇಲ್ಲೂ 230 ವೋಲ್ಟೇ. ಪ್ಲಗ್ ಮಾತ್ರ ಚಪ್ಪಟೆ ಮೂರು ಪಿನ್ನಿನದು. ಅಡಾಪ್ಟರ್ ಸಿಕ್ಕಿಸುವುದಕ್ಕಿಂತ 13 ಆಂಪಿಯರ್ ಫ್ಯೂಸಿರುವ ಪ್ಲಗ್ಗನ್ನೇ ಬದಲಿಸಿಕೊಳ್ಳುವುದು ಕ್ಷೇಮ.

ಡಬ್ಲಿನ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಸಭೆಯ ಪತ್ರ, ವಿಮೆಯ ಕಾಗದ ನೋಡುತ್ತಾರೆ. ಅವನ್ನು ಚೆಕ್-ಇನ್ ಲಗೇಜಿನಲ್ಲಿ ಹಾಕಬೇಡಿ. ಇಳಿದ 90 ದಿನದೊಳಗೆ ನೋಂದಣಿ ಆಗಬೇಕು. ಡಬ್ಲಿನ್‌ನವರಿಗೆ ಬರ್ಗ್ ಕೀ ಕಚೇರಿ. ನಾವು ವೆಸ್ಟ್‌ಮೀತ್ ಕೌಂಟಿಯವರಾದ್ದರಿಂದ ಸ್ಥಳೀಯ ಪೊಲೀಸ್, ಅಂದರೆ ಗಾರ್ಡಾ ಠಾಣೆಯ ವಲಸೆ ಅಧಿಕಾರಿಯ ಬಳಿ ಹೋದೆವು. ದೊಡ್ಡವರಿಗೆ ತಲೆಗೆ 300 ಯೂರೋ, ಕಾರ್ಡಿನಲ್ಲಿ ಕಟ್ಟಬೇಕು. 16 ವರ್ಷದೊಳಗಿನ ಮಕ್ಕಳಿಗೆ ನೋಂದಣಿ ಇಲ್ಲ. ಐಆರ್‌ಪಿ ಎನ್ನುವ ಗುರುತಿನ ಚೀಟಿ ಅಂಚೆಯಲ್ಲಿ ಮೂರನೇ ವಾರಕ್ಕೆ ಬಂತು, ಮೇಲೆ 'ಸ್ಟಾಂಪ್ 3' ಎಂದು ಮುದ್ರಿಸಿಕೊಂಡು.

ಸ್ಟಾಂಪ್ 3 ಎಂದರೇನೆಂದು ಊರು ಬಿಡುವ ಮೊದಲೇ ಗಂಡ ಹೆಂಡತಿ ಕೂತು ಮಾತಾಡಿಕೊಳ್ಳಿ. ಕರೆಸಿಕೊಂಡ ಸಭೆಯ ಸೇವೆ ಬಿಟ್ಟು ಬೇರೆ ಯಾವ ಸಂಬಳದ ಕೆಲಸವನ್ನೂ, ವ್ಯಾಪಾರವನ್ನೂ ಮಾಡುವಂತಿಲ್ಲ. ಹೆಂಡತಿಗಂತೂ ಯಾವ ಸಂಬಳದ ಕೆಲಸವೂ ಇಲ್ಲ. ಊರಲ್ಲಿ ಟೀಚರಾಗಿದ್ದ ನನಗೆ ಇದು ಕಾಗದದಲ್ಲಿ ಓದಿದಾಗ ಗೊತ್ತಿತ್ತು, ನವೆಂಬರಿನ ಹೊತ್ತಿಗೆ ಅರ್ಥವಾಯಿತು. ಮನೆಯಲ್ಲಿ ಕೇಕ್ ಮಾಡಿ ಮಾರೋಣ, ಆನ್‌ಲೈನ್ ಟ್ಯೂಷನ್ ಹೇಳೋಣ ಎಂಬ ಯೋಚನೆಗಳಿಗೂ ಅದೇ ಉತ್ತರ. ಅಕ್ಕಪಕ್ಕದವರು ಒಳ್ಳೆಯ ಮನಸ್ಸಿನಿಂದಲೇ, ಮಗುವೊಂದಕ್ಕೆ ತಿಂಗಳಿಗೆ 140 ಯೂರೋ ಮಕ್ಕಳ ಭತ್ಯೆ ಸಿಗುತ್ತೆ, ಹಾಕಿ ಎನ್ನುತ್ತಾರೆ. ನಮ್ಮ ಅನುಮತಿ ಪತ್ರದ ಷರತ್ತಿನಲ್ಲಿ ಸರ್ಕಾರದ ನೆರವು ಪಡೆಯಬಾರದೆಂದಿದೆ. ಪತ್ರ ಓದದೆ ಯಾವ ಅರ್ಜಿಗೂ ಸಹಿ ಹಾಕಬೇಡಿ.

ಈಗ ಕಗ್ಗಂಟಿನ ವಿಷಯ. ಐರ್ಲೆಂಡಿನಲ್ಲಿ ಎಲ್ಲ ಬಾಗಿಲಿಗೂ ಬೀಗದ ಕೈ ಒಂದೇ: ವಿಳಾಸದ ಪುರಾವೆ. ಬ್ಯಾಂಕಿನವರು ಕರೆಂಟ್ ಬಿಲ್ ಕೇಳಿದರು. ಕರೆಂಟ್ ಕಂಪನಿಯವರು ಬ್ಯಾಂಕ್ ಖಾತೆ ಕೇಳಿದರು. ಇಲ್ಲಿ ಬಿಲ್ ಬರುವುದು ಎರಡು ತಿಂಗಳಿಗೊಮ್ಮೆ. ಮನೆಯ ಕರಾರು ನಮ್ಮ ಹೆಸರಲ್ಲಿಲ್ಲ, ಸಭೆಯ ಹೆಸರಲ್ಲಿದೆ, ಏಕೆಂದರೆ ಅದು ಸಭಾಪಾಲಕರಿಗೆಂದೇ ಇರುವ ಮನೆ. ಹೀಗೆ ಸುತ್ತಿ ಸುತ್ತಿ ಐದು ವಾರ ಕಳೆಯಿತು. ಅಷ್ಟು ದಿನ ಊರಿನ ಡೆಬಿಟ್ ಕಾರ್ಡಿನಲ್ಲಿ ದುಡ್ಡು ತೆಗೆದು, ಪ್ರತಿ ಸಲವೂ ವಿನಿಮಯದ ಖರ್ಚು ಕಟ್ಟಿದೆವು.

ಬಿಚ್ಚುವ ದಾರಿ ಇದು. ಮೊದಲು ಪಿಪಿಎಸ್ ಸಂಖ್ಯೆ. ಇದು ಇಲ್ಲಿಯ ಆಧಾರ್ ಇದ್ದಂತೆ. ಇದಕ್ಕೆ ನಿಮ್ಮ ಹೆಸರಿನ ಬಿಲ್ಲೇ ಆಗಬೇಕೆಂದಿಲ್ಲ. ಆ ಮನೆಯ ಬಿಲ್ ಯಾರ ಹೆಸರಲ್ಲಿದೆಯೋ ಅವರು, ಇಂಥವರು ಈ ವಿಳಾಸದಲ್ಲಿ ವಾಸವಾಗಿದ್ದಾರೆ ಎಂದು ಬರೆದು ಸಹಿ ಹಾಕಿಕೊಟ್ಟರೆ, ಮೂಲ ಬಿಲ್ಲಿನ ಜೊತೆ ಅದು ನಡೆಯುತ್ತದೆ. ಸಭೆಯ ಖಜಾಂಚಿಯವರು ಎರಡು ಸಾಲು ಬರೆದುಕೊಟ್ಟರು, ಅಷ್ಟೇ. ಪಿಪಿಎಸ್ ಏಕೆ ಬೇಕು ಎಂಬುದಕ್ಕೂ ಒಂದು ಕಾಗದ ಕೇಳುತ್ತಾರೆ. ಮಗಳ ಶಾಲೆಯ ಪತ್ರ, ಸಭೆಯ ನೇಮಕಾತಿ ಪತ್ರ ಕೊಟ್ಟೆವು. ಸಂಖ್ಯೆ ಬರುವುದು ಸರ್ಕಾರಿ ಲಕೋಟೆಯಲ್ಲಿ, ನಿಮ್ಮ ಹೆಸರು ವಿಳಾಸದ ಸಮೇತ. ಆ ಪತ್ರವೇ ನಿಮ್ಮ ಮೊದಲ ವಿಳಾಸದ ಪುರಾವೆ. ಅದನ್ನು ಹಿಡಿದು ಬ್ಯಾಂಕಿಗೆ ಹೋಗಿ, ಆಮೇಲೆ ಕರೆಂಟನ್ನು ನಿಮ್ಮ ಹೆಸರಿಗೆ ಮಾಡಿಸಿ. ಬಂದ ವಾರವೇ ಇದನ್ನು ಮಾಡಿದ್ದರೆ ನಮ್ಮ ಐದು ವಾರ ಉಳಿಯುತ್ತಿತ್ತು.

ವಿಳಾಸ ಬರೆಯುವಾಗ ಎಲ್ಲ ಕಾಗದದಲ್ಲೂ ಒಂದೇ ರೀತಿ ಇರಲಿ, ಏರ್‌ಕೋಡ್ ಬಿಡಬೇಡಿ. 2015ರಲ್ಲಿ ಬಂದ ಈ ಏಳಕ್ಷರದ ಸಂಕೇತ ನಮ್ಮ ಪಿನ್‌ಕೋಡಿನಂತೆ ಇಡೀ ಬಡಾವಣೆಯದ್ದಲ್ಲ, ಮನೆ ಮನೆಗೂ ಬೇರೆ. ಹೆಸರೂ ಅಷ್ಟೇ. ನಮ್ಮವರ ಇನಿಷಿಯಲ್ ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿದೆ, ಊರಿನ ಬ್ಯಾಂಕಿನಲ್ಲಿ ಇಲ್ಲ. ಆ ಒಂದು ವ್ಯತ್ಯಾಸಕ್ಕೆ ಎರಡು ಸಲ ತಿರುಗಿದೆವು.

ಮನೆಯೊಳಗಿನ ಪಾಠ ಇನ್ನೊಂದು. ನಮ್ಮ ಮನೆ ಬಿಸಿಯಾಗುವುದು ಸೀಮೆಎಣ್ಣೆಯಿಂದ. ಹಿತ್ತಲಲ್ಲಿ ಹಸಿರು ಪ್ಲಾಸ್ಟಿಕ್ ಟ್ಯಾಂಕ್, ಪಕ್ಕದಲ್ಲಿ ಬಾಯ್ಲರ್. ಲಾರಿಯವರು ಸಾಮಾನ್ಯವಾಗಿ 500 ಲೀಟರ್ ಸುರಿದು ಹೋಗುತ್ತಾರೆ. ಕಡಿಮೆ ತರಿಸಿದರೆ ಲೀಟರಿನ ದರ ಏರುತ್ತದೆ. ನಮಗೆ ನವೆಂಬರಿನಲ್ಲಿ ತುಂಬಿಸಿದ್ದು ಜನವರಿ ನಡುವಿಗೆ ಮುಗಿಯಿತು, ಒಂದು ಸಲಕ್ಕೆ ಸುಮಾರು 500 ಯೂರೋ. ಟ್ಯಾಂಕ್ ಪೂರ್ತಿ ಬತ್ತಲು ಬಿಡಬೇಡಿ. ತಳದ ಗಸಿ ಕೊಳವೆಗೆ ಹೋಗುತ್ತದೆ, ಗಾಳಿ ಸೇರಿಕೊಳ್ಳುತ್ತದೆ, ಮತ್ತೆ ಎಣ್ಣೆ ಹಾಕಿದರೂ ಬಾಯ್ಲರ್ ಹೊತ್ತುವುದಿಲ್ಲ. ಮೆಕ್ಯಾನಿಕ್ ಬಂದು ಗಾಳಿ ತೆಗೆಯಬೇಕು. ವಾರಕ್ಕೊಮ್ಮೆ ಕೋಲಿಳಿಸಿ ಮಟ್ಟ ನೋಡುವುದು ರೂಢಿಯಾಗಲಿ. ಕೋಣೆ ಬಿಸಿ ಮಾಡುವ ರೇಡಿಯೇಟರಿನ ಮೇಲ್ಭಾಗ ತಣ್ಣಗೆ, ಕೆಳಗೆ ಬಿಸಿ ಎಂದಾದರೆ ಒಳಗೆ ಗಾಳಿ ನಿಂತಿದೆ ಎಂದರ್ಥ. ಮೂಲೆಯ ಸಣ್ಣ ತಿರುಪನ್ನು ಕೀಲಿಯಿಂದ ಅರ್ಧ ಸುತ್ತು ಸಡಿಲಿಸಿ, ಸುಯ್ ಎನ್ನುವುದು ನಿಂತು ನೀರು ಜಿನುಗಿದಾಗ ಬಿಗಿಮಾಡಿ.

ಬಿಸಿನೀರಿಗೆ ಇಮ್ಮರ್ಷನ್. ನಮ್ಮೂರಲ್ಲಿ ಬಕೆಟ್ಟಿಗೆ ಇಳಿಬಿಡುವ ಕರೆಂಟ್ ಕಾಯಿಲ್‌ನ ದೊಡ್ಡಣ್ಣ ಇದು, ತಾಮ್ರದ ಹಂಡೆಯೊಳಗೇ ಕೂತಿರುತ್ತದೆ. ಗೋಡೆಯಲ್ಲಿ ಎರಡು ಸ್ವಿಚ್ಚು: ಒಂದು ಆನ್-ಆಫ್, ಇನ್ನೊಂದು 'ಸಿಂಕ್' ಮತ್ತು 'ಬಾತ್'. ಸಿಂಕ್‌ಗೆ ಇಟ್ಟರೆ ಹಂಡೆಯ ಮೇಲ್ಭಾಗದ ನೀರಷ್ಟೇ ಕಾಯುತ್ತದೆ, ಪಾತ್ರೆ ತೊಳೆಯಲು, ಮಗುವಿಗೆ ಮೀಯಿಸಲು ಸಾಕು. ಬಾತ್‌ಗೆ ಇಟ್ಟರೆ ಇಡೀ ಹಂಡೆ. 3 ಕಿಲೋವಾಟ್ ಎಂದರೆ ಗಂಟೆಗೆ ಮೂರು ಯೂನಿಟ್, ಹತ್ತಿರ ಹತ್ತಿರ ಒಂದು ಯೂರೋ. ರಾತ್ರಿ ಆರಿಸಲು ಮರೆತು ಮಲಗಿದ್ದರ ಲೆಕ್ಕ ಮೊದಲ ಬಿಲ್ಲಿನಲ್ಲಿ ಕಂಡಿತು.

ಆ ಹಂಡೆ ಇರುವ ಬೀರುವನ್ನು ಇಲ್ಲಿಯವರು ಹಾಟ್ ಪ್ರೆಸ್ ಎನ್ನುತ್ತಾರೆ. ಒಳಗೆ ಮರದ ಹಲಗೆಗಳು, ಅದರ ಮೇಲೆ ಒಗೆದ ಬಟ್ಟೆ ಬೆಚ್ಚಗಿಡುತ್ತಾರೆ. ಎರಡು ತಿಂಗಳು ನಮ್ಮ ದೋಸೆ ಹಿಟ್ಟು ಉಬ್ಬಲೇ ಇಲ್ಲ. ಅಡುಗೆಮನೆ 14 ಡಿಗ್ರಿಯಲ್ಲಿ ಹಿಟ್ಟು ಕಲ್ಲಾಗಿ ಕೂರುತ್ತಿತ್ತು. ಒಂದು ರಾತ್ರಿ ಪಾತ್ರೆಗೆ ತಟ್ಟೆ ಮುಚ್ಚಿ, ಹಳೆಯ ಟವೆಲ್ ಸುತ್ತಿ ಹಂಡೆಯ ಪಕ್ಕದ ಹಲಗೆಯ ಮೇಲಿಟ್ಟೆ. ಬೆಳಿಗ್ಗೆ ಬಾಗಿಲು ತೆಗೆದರೆ ಹುಳಿಯ ಪರಿಮಳ, ತಟ್ಟೆ ಎರಡು ಬೆರಳು ಮೇಲೆದ್ದಿತ್ತು. ಹದಿನಾಲ್ಕರಿಂದ ಹದಿನಾರು ಗಂಟೆ ಬೇಕು. ಪಾತ್ರೆಯಲ್ಲಿ ಅರ್ಧ ಜಾಗ ಖಾಲಿ ಬಿಡಿ, ಕೆಳಗೊಂದು ತಟ್ಟೆ ಇಡಿ, ಇಲ್ಲವಾದರೆ ಕೆಳಗಿನ ಹಲಗೆಯ ಬಟ್ಟೆಗಳಿಗೆಲ್ಲ ಹಿಟ್ಟು.

ಗೋಡೆಯ ಕಪ್ಪು ಬೂಸ್ಟು ಇನ್ನೊಂದು ಕಾಟ. ಚಳಿಯೆಂದು ಗೋಡೆಯ ಗಾಳಿಕಿಂಡಿಗೆ ಬಟ್ಟೆ ತುರುಕಿ, ಒದ್ದೆ ಬಟ್ಟೆಯನ್ನು ರೇಡಿಯೇಟರ್ ಮೇಲೆ ಒಣಗಹಾಕಿದ್ದೇ ಅದಕ್ಕೆ ಕಾರಣ. ನೀರಾವಿ ಹೋಗಲು ದಾರಿಯಿಲ್ಲದೆ ತಣ್ಣನೆಯ ಗೋಡೆಗೆ ಕೂರುತ್ತದೆ. ಅನ್ನ ಬಸಿಯುವಾಗ, ಸ್ನಾನವಾದ ಮೇಲೆ ಹತ್ತು ನಿಮಿಷ ಕಿಟಕಿ ತೆಗೆಯಿರಿ. ಮಂಚ, ಬೀರುಗಳನ್ನು ಹೊರಗೋಡೆಯಿಂದ ಒಂದು ಗೇಣು ದೂರ ಇಡಿ.

ಮಗಳ ಶಾಲೆ. ಇಲ್ಲಿ ಮೊದಲ ತರಗತಿಯನ್ನು ಜೂನಿಯರ್ ಇನ್‌ಫೆಂಟ್ಸ್ ಎನ್ನುತ್ತಾರೆ. ಮಗುವಿಗೆ ನಾಲ್ಕು ತುಂಬಿರಬೇಕು. ಸರ್ಕಾರಿ ಹಣದಿಂದ ನಡೆಯುವ ಪ್ರಾಥಮಿಕ ಶಾಲೆಗಳಿಗೆ ಶುಲ್ಕವಿಲ್ಲ, ಪುಸ್ತಕವೂ ಉಚಿತ. ಸ್ವಇಚ್ಛೆಯ ಕಾಣಿಕೆ ಎಂದು ವರ್ಷಕ್ಕೊಂದು ಮೊತ್ತ ಕೇಳುತ್ತಾರೆ. ಹತ್ತರಲ್ಲಿ ಸುಮಾರು ಒಂಬತ್ತು ಶಾಲೆಗಳು ಕಥೋಲಿಕ ಸಭೆಯ ಆಶ್ರಯದಲ್ಲಿವೆ. 'ಸೆಕೆಂಡ್ ಕ್ಲಾಸ್' ಎನ್ನುವ ನಾಲ್ಕನೇ ವರ್ಷದಲ್ಲಿ ಇಡೀ ಕ್ಲಾಸು ಪ್ರಥಮ ಪರಮಪ್ರಸಾದ ಎಂಬ ಕಥೋಲಿಕ ಸಂಸ್ಕಾರಕ್ಕೆ ಸಿದ್ಧವಾಗುತ್ತದೆ. ಬಿಳಿ ಉಡುಪು, ಹಾಡು, ಊಟ, ಊರಿಗೇ ಹಬ್ಬ. ಪ್ರಾಟೆಸ್ಟಂಟ್ ಮಗು ಆಗ ಎಲ್ಲಿರಬೇಕು, ಏನು ಮಾಡಬೇಕು ಎಂದು ಶಾಲೆಗೆ ಸೇರಿಸುವ ದಿನವೇ ಹೆಡ್‌ಮಾಸ್ಟರ ಬಳಿ ಮಾತಾಡಿಕೊಳ್ಳಿ. ಧರ್ಮಬೋಧೆಯ ಪಾಠದಿಂದ ಮಗುವನ್ನು ಬಿಡಿಸಿಕೊಳ್ಳುವ ಹಕ್ಕು ಹೆತ್ತವರಿಗಿದೆ. ನಾವು ಪ್ರಾರ್ಥನೆಗೆ ಕೂರಲಿ, ಸಂಸ್ಕಾರದ ತಯಾರಿಗೆ ಬೇಡ ಎಂದು ಬರೆದುಕೊಟ್ಟಿದ್ದೇವೆ. ಅವರು ಗೌರವದಿಂದಲೇ ಒಪ್ಪಿಕೊಂಡರು.

ಡಬ್ಬಿಗೆ ಶೇಂಗಾ ಚಟ್ನಿ, ಚಿಕ್ಕಿ ಕಳಿಸುವಂತಿಲ್ಲ. ಬೀಜಗಳ ಅಲರ್ಜಿ ಇರುವ ಮಕ್ಕಳಿರುವುದರಿಂದ ಬಹಳ ಶಾಲೆಗಳಲ್ಲಿ ನಿಷೇಧ. ಇನ್‌ಫೆಂಟ್ಸ್ ಮಕ್ಕಳನ್ನು ಉಳಿದವರಿಗಿಂತ ಒಂದು ಗಂಟೆ ಮೊದಲೇ ಬಿಡುತ್ತಾರೆ, ಕರೆದುಕೊಂಡು ಬರಲು ಯಾರಾದರೂ ಬೇಕೇ ಬೇಕು. ಮೊದಲ ವಾರವೇ ಮಗಳು 'ಅನ್ ವಿಲ್ ಕ್ಯಾಡ್ ಅಗಮ್ ದುಲ್ ಗೊ ಜೀ ಅನ್ ಲೆಹ್ರಸ್' ಎಂದು ಕಲಿತು ಬಂದಳು. ಬಾತ್‌ರೂಮಿಗೆ ಹೋಗಲು ಐರಿಷ್ ಭಾಷೆಯಲ್ಲಿ ಅನುಮತಿ ಕೇಳುವ ಮಾತು. ಇದನ್ನು ಮನೆಯಲ್ಲೇ ಹೇಳಿಕೊಟ್ಟು ಕಳಿಸಿದರೆ ಮಗುವಿಗೆ ಮೊದಲ ದಿನದ ಅಂಜಿಕೆ ಕಡಿಮೆ.

ಡಾಕ್ಟರು ಸಿಗುವುದು ಮನೆ ಸಿಗುವುದಕ್ಕಿಂತ ಕಷ್ಟ. ಜಿಪಿ ಎನ್ನುವ ಕುಟುಂಬ ವೈದ್ಯರ ಪಟ್ಟಿಗೆ ಸೇರಬೇಕು; ನಾವು ಕೇಳಿದ ಮೂರು ಕಡೆ ಹೊಸಬರನ್ನು ತೆಗೆದುಕೊಳ್ಳುತ್ತಿರಲಿಲ್ಲ. ನಾಲ್ಕನೆಯವರು ಒಪ್ಪಿದರು, ಒಂದು ಭೇಟಿಗೆ 60 ಯೂರೋ. ಜಿಪಿಯ ಪತ್ರವಿಲ್ಲದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರೆ 100 ಯೂರೋ. ಅಥ್ಲೋನಿನಲ್ಲಿ ತುರ್ತು ವಿಭಾಗವಿರುವ ಆಸ್ಪತ್ರೆಯೇ ಇಲ್ಲ, ಮಲಿಂಗಾರ್, ಬ್ಯಾಲಿನಸ್ಲೋ ಅಥವಾ ಟುಲ್ಲಮೋರ್‌ಗೆ ಹೋಗಬೇಕು. ಮನೆ ನೋಡುವಾಗ ಇದನ್ನೂ ನಕ್ಷೆಯಲ್ಲಿ ನೋಡಿ. ಮಗುವಿನ ಲಸಿಕೆ ಕಾರ್ಡನ್ನು ಡಾಕ್ಟರು ಇಲ್ಲಿಯ ಪಟ್ಟಿಯೊಂದಿಗೆ ಹೋಲಿಸಿ ಉಳಿದವನ್ನು ಹಾಕುತ್ತಾರೆ. ಮೂಲ ಕಾರ್ಡನ್ನೇ ತನ್ನಿ. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ಅಕ್ಟೋಬರ್ ಕೊನೆಯಿಂದ ಮಾರ್ಚ್ 17ರ ತನಕ ದಿನಕ್ಕೆ 5 ಮೈಕ್ರೋಗ್ರಾಂ ವಿಟಮಿನ್ ಡಿ ಹನಿ ಹಾಕಲು ಆರೋಗ್ಯ ಇಲಾಖೆ ಹೇಳುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲಕ್ಕೆಲ್ಲ ಕತ್ತಲು, ನಮ್ಮ ಮೈಬಣ್ಣಕ್ಕೆ ಆ ಬಿಸಿಲು ಏನೇನೂ ಸಾಲದು.

ಖಾಸಗಿ ವಿಮೆ ನಮ್ಮ ಅನುಮತಿಯ ಷರತ್ತೇ. ಆದರೆ ಕೊಂಡ ಮಾತ್ರಕ್ಕೆ ಎಲ್ಲ ಸಿಗುವುದಿಲ್ಲ. ಹೊಸ ಕಾಯಿಲೆಗೆ 26 ವಾರ, ಹೆರಿಗೆಗೆ 52 ವಾರ, ಮೊದಲೇ ಇದ್ದ ಕಾಯಿಲೆಗೆ ಐದು ವರ್ಷ ಕಾಯಬೇಕು. 35 ತುಂಬಿದವರು ಬಂದ ಒಂಬತ್ತು ತಿಂಗಳೊಳಗೆ ಮಾಡಿಸದಿದ್ದರೆ ವಯಸ್ಸಿಗೆ ತಕ್ಕಂತೆ ಹೆಚ್ಚುವರಿ ಕಂತು ಬೀಳುತ್ತದೆ.

ಸೇವೆಯ ಕೆಲಸಕ್ಕೆ ಅಡ್ಡ ನಿಂತದ್ದು ಗಾರ್ಡಾ ವೆಟಿಂಗ್ ಎನ್ನುವ ಪೊಲೀಸ್ ಪರಿಶೀಲನೆ. ಮಕ್ಕಳ ಜೊತೆ ಕೆಲಸ ಮಾಡುವ ಯಾರೇ ಆಗಲಿ, ಸಂಡೇ ಸ್ಕೂಲಿನಲ್ಲಿ ಬಣ್ಣದ ಪೆನ್ಸಿಲ್ ಹಂಚುವವರಾದರೂ, ಈ ಪರಿಶೀಲನೆ ಮುಗಿಯದೆ ಶುರು ಮಾಡುವಂತಿಲ್ಲ. ಶುಲ್ಕವಿಲ್ಲ. ಸಭೆಯವರು ಗುರುತಿನ ಕಾಗದ ಒಂದೊಂದಕ್ಕೂ ಅಂಕ ಹಾಕಿ ಒಟ್ಟು 100 ಆಗುತ್ತದೆಯೇ ಎಂದು ನೋಡುತ್ತಾರೆ, ಇಮೇಲಿಗೆ ಒಂದು ಕೊಂಡಿ ಬರುತ್ತದೆ, ಅದಕ್ಕೆ 30 ದಿನದ ಆಯುಸ್ಸು. ಅದರಲ್ಲಿ ಹುಟ್ಟಿದ ದಿನದಿಂದ ಇವತ್ತಿನ ತನಕ ವಾಸವಿದ್ದ ಪ್ರತಿ ವಿಳಾಸವನ್ನೂ, ಎಂದಿನಿಂದ ಎಂದಿನವರೆಗೆ ಎಂದು ನಡುವೆ ಏನೂ ಬಿಡದಂತೆ ಬರೆಯಬೇಕು. ಅಪ್ಪನಿಗೆ ವರ್ಗವಾದ ಊರುಗಳು, ಹಾಸ್ಟೆಲ್, ಸೆಮಿನರಿಯ ಕೋಣೆ, ಮದುವೆಗೆ ಮೊದಲಿನ ನನ್ನ ಹೆಸರು. ನಮ್ಮವರದು ಹದಿಮೂರು ವಿಳಾಸವಾಯಿತು. ಅಮ್ಮನಿಗೆ ಫೋನ್ ಹಚ್ಚಿ, ನಾವು ಆ ಓಣಿ ಬಿಟ್ಟದ್ದು ಯಾವ ವರ್ಷ ಎಂದು ಕೇಳಿ ಬರೆದರು. ಊರಲ್ಲಿದ್ದಾಗಲೇ ಈ ಪಟ್ಟಿ ಮಾಡಿಟ್ಟುಕೊಳ್ಳಿ. ಭಾರತದಲ್ಲಿ ಕಳೆದ ವರ್ಷಗಳಿಗೆ ಅಲ್ಲಿಯ ಪೊಲೀಸ್ ಪತ್ರವನ್ನು ಸಭೆ ಕೇಳುತ್ತದೆ. ಮೇಲೆ ಹೇಳಿದ 500 ರೂಪಾಯಿಯ ಕಾಗದ ಕೆಲಸಕ್ಕೆ ಬರುವುದು ಇಲ್ಲಿ.

2015ರ ಮಕ್ಕಳ ರಕ್ಷಣಾ ಕಾಯ್ದೆಯಂತೆ ಪಾಸ್ಟರ್ ಆದವರು, ಮಗುವಿಗೆ ಹಾನಿಯಾಗಿದೆ ಎಂದು ತಿಳಿದರೆ ತುಸ್ಲಾ ಎಂಬ ಸರ್ಕಾರಿ ಸಂಸ್ಥೆಗೆ ತಿಳಿಸಲೇಬೇಕು. ಮನೆಯ ಮಾತು ಮನೆಯಲ್ಲೇ ಇರಲಿ ಎನ್ನುವಂತಿಲ್ಲ. ಅದೇ ಕಾಯ್ದೆ ಹೆತ್ತವರು ಮಕ್ಕಳಿಗೆ ಹೊಡೆಯುವುದಕ್ಕೆ ಇದ್ದ ಹಳೆಯ ಸಮರ್ಥನೆಯನ್ನೂ ತೆಗೆದುಹಾಕಿದೆ. ಬುದ್ಧಿ ಕಲಿಸಲು ಒಂದೇಟು ಎಂಬ ನಮ್ಮ ಕಡೆಯ ಮಾತು ಇಲ್ಲಿ ಅಪರಾಧ. ಹೊಸದಾಗಿ ಬರುವ ಕುಟುಂಬಗಳಿಗೆ ಇದನ್ನು ಮೊದಲ ದಿನವೇ ಹೇಳಬೇಕು.

ಕಾರಿಲ್ಲದೆ ಹಳ್ಳಿಯ ಕುಟುಂಬಗಳನ್ನು ಭೇಟಿ ಮಾಡಲಾಗದು. ಭಾರತದ ಲೈಸೆನ್ಸನ್ನು ಇಲ್ಲಿ ಬದಲಾಯಿಸಿಕೊಡುವುದಿಲ್ಲ. ಥಿಯರಿ ಪರೀಕ್ಷೆ 45 ಯೂರೋ, ಲರ್ನರ್ ಪರ್ಮಿಟ್, ಕಡ್ಡಾಯ 12 ಪಾಠ, ಕೊನೆಗೆ 85 ಯೂರೋದ ಡ್ರೈವಿಂಗ್ ಪರೀಕ್ಷೆ. ಊರಿನ ಲೈಸೆನ್ಸ್ ಇದ್ದವರಿಗೆ ಪಾಠ ಆರಕ್ಕೆ ಇಳಿಯಬಹುದು; ಅದಕ್ಕೆ ಲೈಸೆನ್ಸಿನ ವಿವರದ ಪತ್ರವನ್ನು ಆರ್‌ಟಿಒ ಕಚೇರಿಯಿಂದ ತನ್ನಿ. ಪರೀಕ್ಷೆಯ ದಿನಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಇಲ್ಲಿಯ ಅನುಭವವಿಲ್ಲದ್ದಕ್ಕೆ ನಮ್ಮ ಹಳೇ ಕಾರಿನ ಮೊದಲ ವರ್ಷದ ವಿಮೆ 2,000 ಯೂರೋ ದಾಟಿತು. 150 ಸೆಂಟಿಮೀಟರ್ ಎತ್ತರ ಅಥವಾ 36 ಕಿಲೋ ತೂಕ ಆಗುವ ತನಕ ಮಕ್ಕಳಿಗೆ ತಕ್ಕ ಸೀಟು ಕಡ್ಡಾಯ.

ಪ್ರಾಟೆಸ್ಟಂಟ್ ಸಭೆಗಳವರಿಗೆಂದೇ ಒಂದು ಎಚ್ಚರಿಕೆ. ಇಲ್ಲಿಯ ಪ್ರೆಸ್ಬಿಟೇರಿಯನ್ ಸಭೆಯ ಕೇಂದ್ರ ಕಚೇರಿ ಬೆಲ್‌ಫಾಸ್ಟಿನಲ್ಲಿ, ಚರ್ಚ್ ಆಫ್ ಐರ್ಲೆಂಡಿನ ಹಿರಿಯ ಪೀಠ ಅರ್ಮಾದಲ್ಲಿ. ಸಭೆಗಳ ಲೆಕ್ಕದಲ್ಲಿ ದ್ವೀಪವೆಲ್ಲ ಒಂದೇ. ವೀಸಾದ ಲೆಕ್ಕದಲ್ಲಿ ಅಲ್ಲ. ಡಬ್ಲಿನ್‌ನಿಂದ ರೈಲು ಹತ್ತಿದರೆ ಸುಮಾರು ಎರಡೂಕಾಲು ಗಂಟೆಯಲ್ಲಿ ಬೆಲ್‌ಫಾಸ್ಟ್, ನಡುವೆ ಗೇಟಿಲ್ಲ, ತಪಾಸಣೆಯ ಚೌಕಿಯಿಲ್ಲ. ಆದರೂ ಅದು ಬ್ರಿಟನ್ನಿನ ನೆಲ. ಭಾರತದ ಪಾಸ್‌ಪೋರ್ಟಿನವರಿಗೆ ಐಆರ್‌ಪಿ ಚೀಟಿ ಅಲ್ಲಿ ನಡೆಯುವುದಿಲ್ಲ, ಬ್ರಿಟಿಷ್ ವೀಸಾ ಬೇಕು. ಸಭೆಯವರಿಗೆ ಇದು ಹೊಳೆಯುವುದೇ ಇಲ್ಲ, ಅವರು ದಿನಾ ಹೋಗಿ ಬರುತ್ತಾರೆ. ಪ್ರೀತಿಯಿಂದ ಕಾರಿನಲ್ಲಿ ಕೂರಿಸಿಕೊಂಡು ಹೊರಟೇಬಿಡುತ್ತಾರೆ, ನೀವೇ ಹೇಳಬೇಕು.

ಕೊನೆಯದಾಗಿ, ಯಾವ ಫಾರ್ಮಿನಲ್ಲೂ ಇಲ್ಲದ ಒಂದು ವಿಷಯ. 1845ರಿಂದ 52ರ ತನಕ ಇಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಡಿದು ಮಹಾಕ್ಷಾಮವಾಯಿತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಆ ಹಸಿವಿನಲ್ಲಿ ಕೆಲವು ಪ್ರಾಟೆಸ್ಟಂಟ್ ಮಿಷನ್‌ಗಳು ಅನ್ನದ ಜೊತೆ ಮತವನ್ನೂ ಮುಂದಿಟ್ಟವು ಎಂಬ ನೆನಪು ಇಂದಿಗೂ ಹಸಿಯಾಗಿದೆ. 'ಸೂಪ್ ತಗೊಂಡವರು' ಎಂದರೆ ಹೊಟ್ಟೆಗಾಗಿ ನಂಬಿಕೆ ಮಾರಿದವರು ಎಂಬ ಬೈಗುಳ. ಮಿಷನರಿ ಎಂದು ಪರಿಚಯ ಮಾಡಿಕೊಂಡಾಗ ಎದುರಿನವರ ಮುಖ ಒಂದು ಕ್ಷಣ ಬಿಗಿಯುವುದೇಕೆ ಎಂದು ನಮಗೆ ಮೊದಲು ತಿಳಿಯಲಿಲ್ಲ. ಸಭೆಯ ಹಿರಿಯರೊಬ್ಬರು ಕ್ರಿಸ್ಮಸ್ ಬುಟ್ಟಿ ಕಟ್ಟುವ ದಿನ ಬಿಡಿಸಿ ಹೇಳಿದರು. ಚಹಾಪುಡಿ, ಬಿಸ್ಕತ್ತು, ಬಟಾಣಿ ಡಬ್ಬಿಗಳ ಮೇಲೆ ನಾನು ಒಂದೊಂದು ಸುವಾರ್ತೆಯ ಕರಪತ್ರ ಇಡುತ್ತಿದ್ದೆ. ಅವರು ಏನೂ ಬೇಸರಿಸಿಕೊಳ್ಳದೆ ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟರು. ಕೊಡುವುದಿದ್ದರೆ ಏನನ್ನೂ ಬಯಸದೆ ಕೊಡಮ್ಮ ಎಂಬರ್ಥದ ಮಾತು ಹೇಳಿದರು. ಅಂದಿನಿಂದ ಅನ್ನದ ಜೊತೆ ಕಾಗದ ಕಳಿಸಿಲ್ಲ. ಇಲ್ಲಿ ಸೇವೆಗೆ ಬರುವವರು ಇದನ್ನು ತಿಳಿದೇ ಬರಬೇಕು.

ಬಾಗಿಲು ತೆರೆದದ್ದು ಸಾವಿನ ಮನೆಗಳಲ್ಲಿ. ಇಲ್ಲಿ ಸತ್ತ ಎರಡು ಮೂರು ದಿನದೊಳಗೆ ಮಣ್ಣು. ಪರಿಚಯ ಅಷ್ಟಕ್ಕಷ್ಟೇ ಇದ್ದರೂ ಬೀದಿಯವರೆಲ್ಲ ಸಾಲಾಗಿ ಹೋಗಿ ಕೈ ಕುಲುಕಿ ಒಂದು ಮಾತಾಡಿ ಬರುತ್ತಾರೆ. ಪಕ್ಕದ ಮನೆಯ ಅಜ್ಜಿ ತೀರಿಕೊಂಡಾಗ ನಮ್ಮವರು ಹೋಗಿ ಸಾಲಿನಲ್ಲಿ ನಿಂತರು, ನಾನು ಒಂದು ತಟ್ಟೆ ಸ್ಯಾಂಡ್‌ವಿಚ್ ಕೊಟ್ಟು ಬಂದೆ. ಮಾರನೇ ವಾರದಿಂದ ಅವರ ಮಗ ನಮ್ಮ ಕಸದ ಡಬ್ಬಿಗಳನ್ನೂ ರಸ್ತೆಗೆ ಎಳೆದಿಡುತ್ತಾರೆ.

ನವೀಕರಣ ಆನ್‌ಲೈನಿನಲ್ಲೇ ಆಯಿತು. ಮತ್ತೆ ಇಬ್ಬರಿಗೆ 600 ಯೂರೋ, ಸಭೆಯ ಹೊಸ ಪತ್ರ, ವಿಮೆಯ ಹೊಸ ಕಾಗದ. ಅವಧಿ ಮುಗಿಯುವುದನ್ನು ಕಾಯದೆ ಮೂರು ತಿಂಗಳು ಮೊದಲೇ ಪತ್ರ ಕೇಳಿಡಿ. ಹಿರಿಯರ ಕೂಟ ಸೇರುವುದು ಈಗಲೂ ತಿಂಗಳಿಗೊಮ್ಮೆಯೇ. ಮಕ್ಕಳ ಭಾರತೀಯ ಪಾಸ್‌ಪೋರ್ಟಿಗೆ ಐದೇ ವರ್ಷದ ಅವಧಿ ಎಂಬುದನ್ನು ಮರೆಯಬೇಡಿ. ಮಗಳದ್ದನ್ನು ಈ ತಿಂಗಳು ಡಬ್ಲಿನ್‌ನಲ್ಲಿ ಹೊಸದು ಮಾಡಿಸಲು ಕೊಟ್ಟಿದ್ದೇವೆ. ಅಲ್ಲೂ ವಿಳಾಸದ ಪುರಾವೆ ಕೇಳಿದರು. ಕರೆಂಟ್ ಬಿಲ್ ಕೊಟ್ಟೆವು.